ಹೆಸರು ಕಸಿದವರ ಪತನ

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದುಕೊಂಡಿತು. ಮರುದಿನವೇ ಬಲ್ಗೇರಿಯಾವನ್ನು 35 ವರ್ಷ ಆಳಿದ ಟೋಡೋರ್ ಜಿವ್ಕೋವ್ ಅಧಿಕಾರ ಕಳೆದುಕೊಂಡರು. ಗೋಡೆಯ ಸದ್ದಿನಲ್ಲಿ ಈ ಸುದ್ದಿ ಅಡಗಿಹೋಯಿತು. ಆದರೆ ಪೂರ್ವ ಯುರೋಪಿನ ಕಮ್ಯುನಿಸ್ಟ್ ಸರಕಾರಗಳ ಕುಸಿತವನ್ನು ಅರಿಯಲು ಬಲ್ಗೇರಿಯಾದ ಕಡೆಗೂ ನೋಡಬೇಕು.

ಅಲ್ಲಿನ ತುರ್ಕಿ ಮುಸ್ಲಿಮರು ಶತಮಾನಗಳಿಂದ ಅದೇ ಮಣ್ಣಿನಲ್ಲಿ ಬಾಳಿದವರು. ಅನೇಕರು ತಂಬಾಕು ಬೆಳೆಗಾರರು. 1984ರ ಡಿಸೆಂಬರಿನಲ್ಲಿ ಪೊಲೀಸರು, ಸೈನಿಕರು ಅವರ ಹಳ್ಳಿಗಳನ್ನು ಸುತ್ತುವರಿದರು. ಮುಸ್ಲಿಮ್ ಹೆಸರುಗಳನ್ನು ಅಳಿಸಿ, ಬಲ್ಗೇರಿಯನ್ ಹೆಸರುಗಳಿರುವ ಗುರುತಿನ ಚೀಟಿ ಕೈಗಿತ್ತರು. ಕೆಲವೇ ತಿಂಗಳಲ್ಲಿ ಸುಮಾರು ಎಂಟು ಲಕ್ಷ ಜನ ಹೆತ್ತವರಿಟ್ಟ ಹೆಸರು ಕಳೆದುಕೊಂಡರು. ಸಾರ್ವಜನಿಕವಾಗಿ ತುರ್ಕಿ ಮಾತಾಡುವುದು, ಮಕ್ಕಳಿಗೆ ಸುನ್ನತಿ ಮಾಡಿಸುವುದು ನಿಷಿದ್ಧವಾಯಿತು. ಪ್ರತಿಭಟಿಸಿದ ನೂರಾರು ಮಂದಿ ಡ್ಯಾನ್ಯೂಬ್ ನದಿಯ ಬೆಲೆನೆ ದ್ವೀಪದಲ್ಲಿ ಬಂಧಿಗಳಾದರು. ಇದಕ್ಕೆ ಸರಕಾರವಿಟ್ಟ ಹೆಸರು 'ಪುನರುಜ್ಜೀವನ'!

ವಿಶ್ವವಿಖ್ಯಾತ ವೇಟ್‌ಲಿಫ್ಟರ್ ನಯೀಮ್ ಸುಲೈಮಾನೋವ್ ಕೂಡ 'ನೌಮ್ ಶಲಮಾನೋವ್' ಆಗಬೇಕಾಯಿತು. 1986ರಲ್ಲಿ ಸ್ಪರ್ಧೆಗೆಂದು ಮೆಲ್ಬೋರ್ನ್‌ಗೆ ಹೋದವರು ಮರಳಲಿಲ್ಲ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ನಯೀಮ್ ಸುಲೈಮಾನೋಗ್ಲು ಎಂಬ ಹೆಸರಿನಲ್ಲಿ ತುರ್ಕಿಗೆ ಚಿನ್ನ ಗೆದ್ದುಕೊಟ್ಟರು.

1989ರ ಮೇ ತಿಂಗಳಲ್ಲಿ ಉಪವಾಸ ಸತ್ಯಾಗ್ರಹ, ಮೆರವಣಿಗೆಗಳು ನಡೆದವು. ಗುಂಡೇಟಿಗೆ ಜೀವಗಳು ಬಲಿಯಾದವು. ಕೊನೆಗೆ ಜಿವ್ಕೋವ್ ಗಡಿ ತೆರೆದರು. ಆಗಸ್ಟ್ ಮುಗಿಯುವುದರೊಳಗೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಗಂಟುಮೂಟೆ ಕಟ್ಟಿ ತುರ್ಕಿಗೆ ಹೊರಟರು. ಹೊಲಗಳಲ್ಲಿ ಕೊಯ್ಲಿಗೆ ಜನರಿಲ್ಲದೆ ಪಟ್ಟಣದವರನ್ನು ಕಳುಹಿಸಬೇಕಾಯಿತು.

ಜಿವ್ಕೋವ್ ಪತನಕ್ಕೆ ಇದೊಂದೇ ಕಾರಣವಲ್ಲ. ವಿದೇಶಿ ಸಾಲ ಬೆಳೆದಿತ್ತು. ಪೋಲೆಂಡಿನಲ್ಲಿ ಜೂನ್ ಚುನಾವಣೆಯಲ್ಲೇ ಆಳುವ ಪಕ್ಷ ಸೋತಿತ್ತು. 1956ರಲ್ಲಿ ಹಂಗೇರಿಗೆ, 1968ರಲ್ಲಿ ಜೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದ ಸೋವಿಯತ್ ಟ್ಯಾಂಕುಗಳು ಗೊರ್ಬಚೇವ್ ಕಾಲದಲ್ಲಿ ಕದಲಲಿಲ್ಲ. ಆಸರೆ ತಪ್ಪಿದಾಗ ಜಿವ್ಕೋವ್‌ರನ್ನು ಕೆಳಗಿಳಿಸಿದವರು ಅವರ ಪಕ್ಷದ ಸಂಗಾತಿಗಳೇ.

ಡಿಸೆಂಬರ್ 29ರಂದು ಹಳೆಯ ಹೆಸರುಗಳನ್ನು ಮರಳಿಸುವ ತೀರ್ಮಾನವಾಯಿತು. ಸರ್ವಾಧಿಕಾರಿ ಹೋದೊಡನೆ ಎಲ್ಲವೂ ಸರಿಹೋಯಿತೇ? ಇಲ್ಲ. ಹೊಸ ವರ್ಷದ ಮೊದಲ ದಿನಗಳಲ್ಲೇ ಆ ತೀರ್ಮಾನದ ವಿರುದ್ಧ ಸಾವಿರಾರು ಜನ ಬೀದಿಗಿಳಿದರು. ಅದೇ ಹೊತ್ತಿಗೆ, ತುರ್ಕಿ ನೆರೆಹೊರೆಯವರ ಪರವಾಗಿ ದನಿಯೆತ್ತಿದ ಬಲ್ಗೇರಿಯನ್ನರೂ ಇದ್ದರು. ತೀರ್ಮಾನ ಉಳಿಯಿತು. 1990ರಲ್ಲಿ ಕಾನೂನೂ ಬಂತು. 2012ರಲ್ಲಿ ಅಲ್ಲಿನ ಸಂಸತ್ತು ಆ ದೌರ್ಜನ್ಯವನ್ನು ಖಂಡಿಸಿತು.

ಸರಕಾರ ಒಂದೇ ದಿನದಲ್ಲಿ ಉರುಳಬಹುದು. ಅದು ಬಿತ್ತಿದ ದ್ವೇಷ ಅಷ್ಟು ಬೇಗ ಉರುಳುವುದಿಲ್ಲ. ಅದನ್ನು ಕೀಳುವ ಕೆಲಸ ನೆರೆಹೊರೆಯವರದು.