ಅಕಾಲಿಕ ಶಿಶುಗಳ ರೆಟಿನಾ ರೋಗ

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾದಲ್ಲಿ, ಅಂದರೆ ಅಕ್ಷಿಪಟಲದಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆಯುವ ಕಾಯಿಲೆ. ವೈದ್ಯರ ಬಾಯಲ್ಲಿ ‘ಆರ್‌ಒಪಿ’.

ಗರ್ಭದ 16ನೇ ವಾರದ ಹೊತ್ತಿಗೆ ಕಣ್ಣಿನೊಳಗೆ ಹರಡತೊಡಗುವ ರಕ್ತನಾಳಗಳು ಅಂಚು ಮುಟ್ಟುವುದು ಸುಮಾರು 40ನೇ ವಾರಕ್ಕೆ. ನಡುವೆಯೇ ಹೆರಿಗೆಯಾದರೆ ಈ ಬೆಳವಣಿಗೆ ನಿಲ್ಲುತ್ತದೆ. ಉಸಿರು ಉಳಿಸಲು ಕೊಡುವ ಆಮ್ಲಜನಕ ಹದ ಮೀರಿದರೆ ಅಪಾಯ ಇನ್ನೂ ಹೆಚ್ಚು. ಮುಂದೆ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಕೊನೆಗೆ ರೆಟಿನಾ ಕಳಚಿಕೊಂಡು ಮಗು ಕುರುಡಾಗಬಹುದು.

ಬೋಸ್ಟನ್ನಿನ ನೇತ್ರತಜ್ಞ ಥಿಯೋಡರ್ ಟೆರ್ರಿ 1942ರಲ್ಲಿ ಈ ರೋಗವನ್ನು ವಿವರಿಸಿದರು. ಆಮ್ಲಜನಕದ ನಂಟನ್ನು 1951ರಲ್ಲಿ ಎತ್ತಿ ತೋರಿಸಿದವರು ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್. 1950ರಲ್ಲಿ ದಿನ ತುಂಬದೆ ಹುಟ್ಟಿದ ಅಮೆರಿಕದ ಗಾಯಕ ಸ್ಟೀವಿ ವಂಡರ್ ದೃಷ್ಟಿ ಕಳೆದುಕೊಂಡದ್ದೂ ಇದರಿಂದಲೇ.

ಭಾರತದಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಹಗುರವಾದ ಶಿಶುಗಳಿಗೆ 30 ದಿನದೊಳಗೆ ಕಣ್ಣಿನ ತಪಾಸಣೆ ಆಗಲೇಬೇಕು. ತೀರಾ ಚಿಕ್ಕ ಶಿಶುಗಳಿಗೆ ಇನ್ನೂ ಬೇಗ. ಹನಿ ಹಾಕಿ ಪಾಪೆ ಹಿಗ್ಗಿಸುತ್ತಾರೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸಿನ ರೆಪ್ಪೆಗಳನ್ನು ಪುಟ್ಟ ತಂತಿಯ ಸಾಧನದಿಂದ ಬಿಡಿಸಿ ಹಿಡಿದು ಒಳಗೆ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ.

ತಜ್ಞರು ವಿರಳವಾದ ಊರುಗಳಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರಗಳನ್ನು ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ.

ಚಿಕಿತ್ಸೆ ಲೇಸರ್ ಅಥವಾ ಕಣ್ಣಿನೊಳಗಿನ ಚುಚ್ಚುಮದ್ದು. ತೀವ್ರ ಹಂತ ಕಂಡರೆ ಎರಡು-ಮೂರು ದಿನದೊಳಗೆ ಕೊಡಬೇಕು. ಹೊರಗಿನಿಂದ ಕಣ್ಣು ಸರಿಯಾಗಿಯೇ ಕಾಣುವುದರಿಂದ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಮರುತಪಾಸಣೆ ತಪ್ಪಿಸುವಂತಿಲ್ಲ.