ಡೈಬೋರೇನ್: ಸೇತುಬಂಧ ಮತ್ತು ಎಲೆಕ್ಟ್ರಾನ್ ಸಾಂದ್ರತೆ

ಡೈಬೋರೇನ್ ಎರಡು ಬೋರಾನ್ ಮತ್ತು ಆರು ಹೈಡ್ರೋಜನ್ ಪರಮಾಣುಗಳ ಅಣು. ಈಥೇನಿನಂತೆ ಏಳು ಬಂಧಗಳನ್ನು ಕಟ್ಟಲು ಹೊರಕವಚದ 14 ಎಲೆಕ್ಟ್ರಾನುಗಳು ಬೇಕು. ಇಲ್ಲಿರುವುದು 12 ಮಾತ್ರ. ಎರಡು ಹೈಡ್ರೋಜನ್‌ಗಳು ಬೋರಾನ್‌ಗಳ ನಡುವೆ ಸೇತುವೆಯಾಗಿವೆ ಎಂದು ಡಿಲ್ತೈ 1921ರಲ್ಲೇ ಸೂಚಿಸಿದ್ದರು. 1943ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಲಾಂಗೆಟ್-ಹಿಗಿನ್ಸ್, ತಮ್ಮ ಗುರು ಬೆಲ್ ಜೊತೆ ಸೇರಿ ಅದೇ ರಚನೆಯನ್ನು ಸಮರ್ಥಿಸಿದರು. 1951ರಲ್ಲಿ ಹೆಡ್‌ಬರ್ಗ್ ಮತ್ತು ಶೋಮೇಕರ್ ನಡೆಸಿದ ಎಲೆಕ್ಟ್ರಾನ್ ವಿವರ್ತನೆಯ ಅಧ್ಯಯನ ಅದನ್ನು ಗಟ್ಟಿಗೊಳಿಸಿತು. ಒಂದೇ ಎಲೆಕ್ಟ್ರಾನ್ ಜೋಡಿ ಬೋರಾನ್, ಹೈಡ್ರೋಜನ್, ಬೋರಾನ್ ಮೂರನ್ನೂ ಹಿಡಿದಿಡುತ್ತದೆ ಎಂಬುದೇ ತ್ರಿಕೇಂದ್ರ ಬಂಧದ ಕಲ್ಪನೆ.

ಈ ಕಲ್ಪನೆಗೆ ಗಂಭೀರ ಸವಾಲು ಬಂದದ್ದು ರಿಚರ್ಡ್ ಬೇಡರ್ ರೂಪಿಸಿದ ಸಾಂದ್ರತಾ ವಿಶ್ಲೇಷಣೆಯಿಂದ. ಎಲೆಕ್ಟ್ರಾನ್ ಸಾಂದ್ರತೆಯನ್ನು ಬೆಟ್ಟಸಾಲಿನಂತೆ ನೋಡಿದರೆ ಪರಮಾಣು ಬೀಜಗಳೇ ಶಿಖರಗಳು. ಬಂಧವಿರುವ ಎರಡು ಶಿಖರಗಳ ನಡುವೆ ಒಂದು ಏಣು, ಅಂದರೆ ಬಂಧಪಥ, ಹಾಯುತ್ತದೆ. ಡೈಬೋರೇನಿನಲ್ಲಿ ಪ್ರತಿ ಸೇತು ಹೈಡ್ರೋಜನ್‌ನಿಂದ ಎರಡೂ ಬೋರಾನ್‌ಗಳಿಗೆ ಬಾಗಿದ ಏಣುಗಳಿವೆ. ಬೋರಾನ್‌ಗಳ ನಡುವಿನ ದೂರ ಸುಮಾರು 1.77 ಆಂಗ್‌ಸ್ಟ್ರಾಮ್ ಮಾತ್ರ, ಆದರೂ ಅಲ್ಲಿ ಏಣಿಲ್ಲ. ನಾಲ್ಕು ಪರಮಾಣುಗಳ ಉಂಗುರದ ನಡುವೆ ಸಾಂದ್ರತೆ ತಗ್ಗುತ್ತದೆ. ಹಾಗಾದರೆ ಇಲ್ಲಿರುವುದು ನಾಲ್ಕು ದುರ್ಬಲ ದ್ವಿಕೇಂದ್ರ ಬಂಧಗಳಷ್ಟೇ ಅಲ್ಲವೇ ಎಂಬುದು ಆಕ್ಷೇಪ. ಆಕ್ಷೇಪದ ಅರ್ಧ ಭಾಗ ನಿಜ: ಬೋರಾನ್‌ಗಳ ನಡುವೆ ಬೇರೆಯದೇ ಆದ ನೇರ ಬಂಧವಿಲ್ಲ. ಆದರೆ ತ್ರಿಕೇಂದ್ರ ಬಂಧದ ವಾದ ಅದನ್ನು ಎಂದೂ ಬೇಡಿರಲಿಲ್ಲ. ಏಣು ಹೇಳುವುದು ಸಾಂದ್ರತೆ ಎಲ್ಲಿ ಕೂಡಿದೆ ಎಂಬುದನ್ನು. ಅದೇ ಜೋಡಿಯಲ್ಲಿ ಎಷ್ಟು ಪರಮಾಣುಗಳಿಗೆ ಪಾಲಿದೆ ಎಂಬುದನ್ನಲ್ಲ. ಬಂಧಪಥವೇ ಬಂಧವಲ್ಲ ಎಂದು ಬೇಡರ್ ಅವರೇ 2009ರಲ್ಲಿ ಸ್ಪಷ್ಟವಾಗಿ ಬರೆದರು.

ಪಾಲಿನ ಲೆಕ್ಕ ಸಿಗುವುದು ಎಲೆಕ್ಟ್ರಾನ್‌ಗಳನ್ನು ಜೋಡಿಯಾಗಿ ಪರಿಶೀಲಿಸಿದಾಗ. ಬೆಕೆ ಮತ್ತು ಎಜ್‌ಕಾಂಬ್ 1990ರಲ್ಲಿ ಮಂಡಿಸಿದ ಸ್ಥಾನೀಕರಣ ಫಲನದಲ್ಲಿ ಪ್ರತಿ ಸೇತು ಹೈಡ್ರೋಜನ್ ಸುತ್ತಲೂ ಸುಮಾರು ಎರಡು ಎಲೆಕ್ಟ್ರಾನ್‌ಗಳ ಒಂದು ವಲಯ ಕಾಣುತ್ತದೆ. ಅದರ ಅಂಚು ಎರಡೂ ಬೋರಾನ್‌ಗಳ ಒಳತಿರುಳನ್ನು ಮುಟ್ಟುತ್ತದೆ. ನಾಲ್ಕು ಬಿಡಿ ಬಂಧಗಳಾಗಿದ್ದರೆ ಈ ವಲಯ ಒಡೆದು ಕಾಣಬೇಕಿತ್ತು. ಸಾಂದ್ರತೆಯನ್ನು ಕ್ಷ-ಕಿರಣಗಳಿಂದ ಅಳೆಯಬಹುದು, ಜೋಡಿಗಳ ಲೆಕ್ಕವಾದರೋ ಬರೀ ಗಣನೆ ಎಂದು ಕೆಲವರು ಇದನ್ನು ತಳ್ಳಿಹಾಕುತ್ತಾರೆ. ಸೇತುವೆಯ ವಿಷಯದಲ್ಲಿ ಈ ಭೇದ ಅಷ್ಟು ಗಟ್ಟಿಯಲ್ಲ. ಒಂದೇ ಎಲೆಕ್ಟ್ರಾನಿರುವ ಹೈಡ್ರೋಜನ್ ಕ್ಷ-ಕಿರಣಗಳನ್ನು ತೀರಾ ಕ್ಷೀಣವಾಗಿ ಚದುರಿಸುತ್ತದೆ; ಅಳೆದದ್ದೆನ್ನುವ ಸಾಂದ್ರತೆಯೂ ಅಲ್ಲಿ ಒಂದು ಗಣಿತ ಮಾದರಿಯ ಮೂಲಕವೇ ಹೊರಬರುತ್ತದೆ.