ಬೆನ್ನಟ್ಟೋದನ್ನ ಬಿಟ್ಟು ಹಿಡಿಯೋದು ಹೇಗೆ?

ಇವತ್ತು ಒಂದು ಬಿಳಿ ಕಾರಿನ ಕಥೆಯಿಂದ ಶುರು ಮಾಡೋಣ.

1994ರ ಜೂನ್ 17, ಶುಕ್ರವಾರ ಸಂಜೆ. ಅಮೆರಿಕದ ಲಾಸ್ ಏಂಜಲೀಸ್‌ನ ಹೆದ್ದಾರಿ. ಒಂದು ಬಿಳಿ ಫೋರ್ಡ್ ಬ್ರಾಂಕೋ ಹೋಗ್ತಾ ಇದೆ. ಹಿಂದೆ ಸಾಲು ಸಾಲು ಪೊಲೀಸ್ ಕಾರುಗಳು. ಮೇಲೆ ನ್ಯೂಸ್ ಚಾನೆಲ್‌ಗಳ ಹೆಲಿಕಾಪ್ಟರ್‌ಗಳು. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದವನು ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ತಾರೆ ಓ.ಜೆ. ಸಿಂಪ್ಸನ್. ಮಾಜಿ ಪತ್ನಿ ಮತ್ತು ಆಕೆಯ ಸ್ನೇಹಿತನನ್ನು ಕೊಂದ ಆರೋಪ ಅವನ ಮೇಲಿತ್ತು. ಮರುವರ್ಷ ಕೋರ್ಟ್ ಅವನನ್ನು ಖುಲಾಸೆ ಮಾಡಿತು, ಅದು ಬೇರೆ ಕಥೆ. ಆ ಸಂಜೆ ಅಮೆರಿಕದಲ್ಲಿ ಸುಮಾರು 9.5 ಕೋಟಿ ಜನ ಟಿವಿ ಮುಂದೆ ಕೂತು ಆ ಕಾರನ್ನೇ ನೋಡಿದರು. ಬ್ಯಾಸ್ಕೆಟ್‌ಬಾಲ್ ಫೈನಲ್ಸ್ ಪಂದ್ಯ ನಡೀತಾ ಇದ್ರೂ ಪರದೆಯನ್ನು ಎರಡು ಭಾಗ ಮಾಡಿ ಕಾರನ್ನು ತೋರಿಸಿದರು.

ಆ ಕಾರಿನ ವೇಗ ಎಷ್ಟಿತ್ತು ಗೊತ್ತಾ? ಹೆಚ್ಚು ಹೊತ್ತು ಗಂಟೆಗೆ ಸುಮಾರು 56 ಕಿಲೋಮೀಟರ್. ನಮ್ಮ ಸಿಟಿ ಬಸ್ಸು ಖಾಲಿ ರಸ್ತೆ ಸಿಕ್ಕರೆ ಅಷ್ಟು ಹೋಗುತ್ತೆ. ಇನ್ನೊಂದು ವಿಷಯವನ್ನು ಆವತ್ತು ನೋಡಿದವರಲ್ಲಿ ಹೆಚ್ಚಿನವರು ಮರೆತಿದ್ದಾರೆ. ಪೊಲೀಸರು ಸಿಂಪ್ಸನ್ ಕಾರಿನಿಂದ ಮಾಡುತ್ತಿದ್ದ ಮೊಬೈಲ್ ಕರೆಗಳ ಜಾಡು ಹಿಡಿದಿದ್ದರು. ಕಾರು ಕಣ್ಣಿಗೆ ಬೀಳುವ ಮೊದಲೇ ಅದು ಯಾವ ಕಡೆ ಇದೆ ಅನ್ನೋ ಸುಳಿವು ಅವರಿಗೆ ಸಿಕ್ಕಿತ್ತು. ಜಗತ್ತು ನೆನಪಿಟ್ಟುಕೊಂಡಿದ್ದು ಚೇಸ್ ಅನ್ನು. ದೂರದಿಂದ ಸಿಕ್ಕ ಆ ಸುಳಿವನ್ನಲ್ಲ.

ನಾನು ಆಗ ಪ್ರೈಮರಿ ಸ್ಕೂಲ್ ಹುಡುಗ. ಮುಂದೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದೆ, ಆಮೇಲೆ ಹೇಗೋ ಮೈಕ್ ಹಿಡಿದೆ. ಓಡೋ ವಾಹನ, ಹಿಂದೆ ಪೊಲೀಸ್, ಮೇಲೆ ಕ್ಯಾಮೆರಾ. ಈ ಮೂರೂ ಸೇರುವ ಜಾಗದಲ್ಲಿ ನನ್ನ ಎರಡೂ ವಿದ್ಯೆಗಳು ಎದುರುಬದುರು ನಿಲ್ಲುತ್ತವೆ.

ಶುರುವಾಗಿದ್ದು ಹೇಗೆ ನೋಡಿ. ಕಾರು ಬಂದ ಕಾಲದಲ್ಲಿ ಕಳ್ಳನಿಗೇ ಅನುಕೂಲ ಜಾಸ್ತಿ. ಬ್ಯಾಂಕ್ ದೋಚಿ ಕಾರು ಹತ್ತಿ ಹೊರಟರೆ, ರಸ್ತೆಯಲ್ಲಿದ್ದ ಪೊಲೀಸನಿಗೆ ಸುದ್ದಿ ಮುಟ್ಟಿಸೋ ದಾರಿಯೇ ಇರಲಿಲ್ಲ. ಡೆಟ್ರಾಯಿಟ್ ಪೊಲೀಸರು 1920ರ ದಶಕದಲ್ಲಿ ರೇಡಿಯೋ ಪ್ರಯೋಗಕ್ಕೆ ಇಳಿದರು. ಆಗಿನ ಲೈಸನ್ಸ್ ನಿಯಮದ ತಮಾಷೆ ಹೇಗಿತ್ತು ಅಂದ್ರೆ, ಪೊಲೀಸ್ ಸ್ಟೇಷನ್ನೇ ಮನರಂಜನೆ ಕಾರ್ಯಕ್ರಮ ಪ್ರಸಾರ ಮಾಡಬೇಕಿತ್ತು, ಅದರ ನಡುವೆ ಕಳುವಾದ ಕಾರಿನ ವಿವರ ಹೇಳಬೇಕಿತ್ತು. ಕಾರಿನ ಅಲುಗಾಟಕ್ಕೆ ರಿಸೀವರ್‌ಗಳು ಕೆಟ್ಟು ಕೂರ್ತಿದ್ದವು. 1928ರಲ್ಲಿ ಕೊನೆಗೂ ಅದು ಸರಿಯಾಗಿ ಕೆಲಸ ಮಾಡ್ತು. ಆದರೆ ಮಾತು ಒನ್ ವೇ. ಸ್ಟೇಷನ್ ಹೇಳಬಹುದು, ಕಾರಿನಲ್ಲಿದ್ದವನು ಉತ್ತರ ಕೊಡೋ ಹಾಗಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಊರಿನಲ್ಲಿ ಎರಡೂ ಕಡೆ ಮಾತಾಡುವ ಪೊಲೀಸ್ ರೇಡಿಯೋ ಬಂತು. ಪೊಲೀಸರು ಕಾರುಗಳನ್ನು ಕೂಡಿಸಿ ಬೆನ್ನಟ್ಟೋಕೆ ಕಲಿತರು.

ಮುಂದೆ ನಮ್ಮ ಪಾಲು. 1958ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಕೆಟಿಎಲ್‌ಎ ಚಾನೆಲ್‌ನ ಎಂಜಿನಿಯರ್ ಜಾನ್ ಸಿಲ್ವಾ ಹೆಲಿಕಾಪ್ಟರ್‌ಗೆ ಟಿವಿ ಕ್ಯಾಮೆರಾ ಕಟ್ಟಿ ಹಾರಿಸಿದರು. ಪೊಲೀಸ್ ಚೇಸ್ ನೇರಪ್ರಸಾರ ಅನ್ನೋದು ಅದೇ ಊರಿನ ಟಿವಿಯ ಗುರುತಾಗಿದ್ದು ಮುಂದಿನ ದಶಕಗಳಲ್ಲಿ. ಅದರ ಬೆಲೆಯನ್ನೂ ಹೇಳ್ತೀನಿ. 2007ರ ಜುಲೈ 27ರಂದು ಅರಿಜೋನಾದ ಫೀನಿಕ್ಸ್‌ನಲ್ಲಿ ಪೊಲೀಸ್ ಚೇಸ್ ತೋರಿಸುತ್ತಿದ್ದ ಎರಡು ನ್ಯೂಸ್ ಹೆಲಿಕಾಪ್ಟರ್‌ಗಳು ಆಕಾಶದಲ್ಲೇ ಡಿಕ್ಕಿಯಾದವು. ಎರಡರಲ್ಲಿದ್ದ ನಾಲ್ವರೂ ಸತ್ತರು. 2012ರಲ್ಲಿ ಅದೇ ರಾಜ್ಯದ ಇನ್ನೊಂದು ಚೇಸ್‌ನ ಕೊನೆಗೆ ಓಡುತ್ತಿದ್ದ ವ್ಯಕ್ತಿ ಗುಂಡು ಹಾರಿಸಿಕೊಂಡು ಸತ್ತದ್ದನ್ನು ಫಾಕ್ಸ್ ನ್ಯೂಸ್ ನೇರವಾಗಿ ತೋರಿಸಿಬಿಡ್ತು. ಆಂಕರ್ ಶೆಪರ್ಡ್ ಸ್ಮಿತ್ ತಕ್ಷಣ ವೀಕ್ಷಕರ ಕ್ಷಮೆ ಕೇಳಿದರು. ಆ ತುಣುಕನ್ನು ಈ ವೃತ್ತಿಗೆ ಬಂದ ಪ್ರತಿಯೊಬ್ಬ ಹುಡುಗ, ಹುಡುಗಿ ಒಮ್ಮೆ ನೋಡಬೇಕು ಅಂತ ನನಗನ್ನಿಸುತ್ತೆ. ಸಾವನ್ನು ನೋಡೋಕಲ್ಲ, ಕ್ಷಮೆಯನ್ನು ನೋಡೋಕೆ.

ಇಷ್ಟೆಲ್ಲ ಆಗ್ತಿರುವಾಗ ರಸ್ತೆ ಮೇಲೆ ಏನಾಗ್ತಿತ್ತು? ಅಮೆರಿಕದ ಸರ್ಕಾರಿ ದಾಖಲೆಗಳನ್ನು ಕೂಡಿಸಿ ಯುಎಸ್‌ಎ ಟುಡೇ ಪತ್ರಿಕೆ 2015ರಲ್ಲಿ ಒಂದು ವರದಿ ಮಾಡಿತು. 1979ರಿಂದ ಆವರೆಗೆ ಪೊಲೀಸ್ ಚೇಸ್‌ಗಳಲ್ಲಿ ಸತ್ತ ದಾರಿಹೋಕರು ಮತ್ತು ಪ್ರಯಾಣಿಕರೇ 5,000ಕ್ಕೂ ಹೆಚ್ಚು. ಇವರಲ್ಲಿ ಓಡಿದ ಆರೋಪಿ ಸೇರಿಲ್ಲ, ಅಟ್ಟಿದ ಪೊಲೀಸನೂ ಸೇರಿಲ್ಲ. ಸಿಗ್ನಲ್‌ನಲ್ಲಿ ನಿಂತವರು, ರಸ್ತೆ ದಾಟುತ್ತಿದ್ದವರು, ಪಕ್ಕದ ಸೀಟಿನಲ್ಲಿ ಕೂತವರು.

ಹಾಗಾದ್ರೆ ಬೆನ್ನಟ್ಟೋದನ್ನ ಬಿಟ್ಟುಬಿಡೋಣವಾ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೇ ಹೋಯಿತು. 2001ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ 19 ವರ್ಷದ ಹುಡುಗ ಗಂಟೆಗೆ 55 ಮೈಲಿ ಮಿತಿಯ ರಸ್ತೆಯಲ್ಲಿ 73 ಮೈಲಿ ವೇಗದಲ್ಲಿ ಹೋಗ್ತಿದ್ದ. ತಪ್ಪು ಅಷ್ಟೇ, ಓವರ್‌ಸ್ಪೀಡ್. ನಿಲ್ಲಿಸಲಿಲ್ಲ, ಓಡಿದ. ಪೊಲೀಸ್ ಕಾರು ಹಿಂದಿನಿಂದ ಬಂಪರ್‌ಗೆ ಗುದ್ದಿತು. ಹುಡುಗನ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದವು. 2007ರಲ್ಲಿ ಸ್ಕಾಟ್ ವರ್ಸಸ್ ಹ್ಯಾರಿಸ್ ತೀರ್ಪು ಬಂತು. 8-1 ಬಹುಮತದಲ್ಲಿ ಗೆಲುವು ಪೊಲೀಸರದ್ದು. ತೀರ್ಪು ಬರೆದ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ಅವರ ವಾದದ ಸಾರ ಇಷ್ಟು: ಜೋರಾಗಿ ಓಡಿದವನನ್ನು ಬಿಟ್ಟುಬಿಡಬೇಕು ಅಂತ ನಿಯಮ ಮಾಡಿದ್ರೆ, ನಾಳೆ ಎಲ್ಲರೂ ಜೋರಾಗಿ ಓಡ್ತಾರೆ.

ಈ ವಾದವನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ಅಟ್ಟಿದರೆ ಅಮಾಯಕ ಸಾಯ್ತಾನೆ, ಬಿಟ್ಟರೆ ಕಳ್ಳ ಬದುಕ್ಕೋತಾನೆ. ಈ ಇಕ್ಕಟ್ಟಿನಿಂದ ಹೊರಬರೋ ದಾರಿ ಹುಡುಕಿದ್ದು ತಂತ್ರಜ್ಞಾನ. ಆದರೆ ಒಂದೇ ದಿನದಲ್ಲಿ ಅಲ್ಲ.

ಮೊದಲ ಹೆಜ್ಜೆ ಬೀಪರ್. 1980ರಲ್ಲಿ ಮಿನೆಸೋಟಾ ಪೊಲೀಸರು ಮಾದಕವಸ್ತು ತಯಾರಿಸುವವರು ಕೊಳ್ಳುತ್ತಿದ್ದ ಕ್ಲೋರೋಫಾರ್ಮ್ ಡ್ರಮ್ ಒಳಗೆ ಒಂದು ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟರು. ಡ್ರಮ್ ಕಾರು ಹತ್ತಿತು. ಅನುಮಾನ ಬಂದ ಚಾಲಕ ಅಡ್ಡಾದಿಡ್ಡಿ ಓಡಿಸೋಕೆ ಶುರು ಮಾಡಿದ. ಪೊಲೀಸರು ಏನು ಮಾಡಿದರು? ಹಿಂಬಾಲಿಸೋದನ್ನ ನಿಲ್ಲಿಸಿದರು. ಸಿಗ್ನಲ್ ಕೂಡ ತಪ್ಪಿಹೋಯಿತು. ಸುಮಾರು ಒಂದು ಗಂಟೆ ಆದಮೇಲೆ ಹೆಲಿಕಾಪ್ಟರ್‌ನಲ್ಲಿದ್ದ ಉಪಕರಣಕ್ಕೆ ಅದೇ ಸಿಗ್ನಲ್ ಮತ್ತೆ ಸಿಕ್ಕಿತು, ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಒಂದು ಕಾಡುಮನೆಯ ಹತ್ತಿರ. ಒಬ್ಬರಿಗೂ ಏಟಾಗಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯಲ್ಲಿ ಹೋಗೋ ಕಾರನ್ನು ಹೀಗೆ ಗಮನಿಸೋದು ತಪ್ಪಲ್ಲ ಅಂತ ಒಮ್ಮತದಿಂದ ಹೇಳಿತು.

ಎರಡನೇ ಹೆಜ್ಜೆ ಲೋಜ್ಯಾಕ್. ಮ್ಯಾಸಚೂಸೆಟ್ಸ್‌ನ ಮೆಡ್‌ಫೀಲ್ಡ್ ಊರಿನ ಪೊಲೀಸ್ ಆಡಳಿತದಲ್ಲಿದ್ದ ವಿಲಿಯಂ ರೀಗನ್ ಕಟ್ಟಿದ ಕಂಪನಿ ಅದು. ಹೈಜ್ಯಾಕ್‌ಗೆ ವಿರುದ್ಧವಾಗಿ ಲೋಜ್ಯಾಕ್ ಅಂತ ಹೆಸರು. 1986ರಲ್ಲಿ ಅದೇ ರಾಜ್ಯದಲ್ಲಿ ಶುರುವಾಯಿತು. ಕಾರಿನೊಳಗೆ ಎಲ್ಲೋ ಬಚ್ಚಿಟ್ಟ ರೇಡಿಯೋ ಪೆಟ್ಟಿಗೆ. ಕಾರು ಕಳುವಾಗಿದೆ ಅಂತ ದೂರು ದಾಖಲಾದರೆ ಅದು ಎಚ್ಚೆತ್ತು ಸಿಗ್ನಲ್ ಕೊಡುತ್ತೆ. 1998ರಲ್ಲಿ ಅರ್ಥಶಾಸ್ತ್ರಜ್ಞರಾದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಯಾವ ಕಾರಿನಲ್ಲಿ ಪೆಟ್ಟಿಗೆ ಇದೆ ಅಂತ ಕಳ್ಳನಿಗೆ ಗೊತ್ತಾಗಲ್ಲ, ಹಾಗಾಗಿ ಊರಿನ ಎಲ್ಲ ಕಾರುಗಳಿಗೂ ರಕ್ಷಣೆ ಸಿಗುತ್ತೆ. ದುಡ್ಡು ಕೊಟ್ಟು ಹಾಕಿಸಿಕೊಂಡವನಿಗೆ ಸಿಗೋದು ಒಟ್ಟು ಲಾಭದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅಂತ ಅವರ ಲೆಕ್ಕ.

ಮೂರನೇದು ಜಿಪಿಎಸ್. ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಸ್ಯಾಟಲೈಟ್ ನಿಮ್ಮನ್ನು ನೋಡ್ತಾ ಇರೋದಿಲ್ಲ. 20,200 ಕಿಲೋಮೀಟರ್ ಎತ್ತರದಲ್ಲಿರುವ ಆ ಉಪಗ್ರಹಗಳು ಬರೀ ಸಮಯ ಹೇಳ್ತಾ ಇರ್ತವೆ, ನಮ್ಮ ಹಳ್ಳಿಯ ದೇವಸ್ಥಾನದ ಗಂಟೆ ಥರ. ಕನಿಷ್ಠ ನಾಲ್ಕು ಉಪಗ್ರಹಗಳ ಗಂಟೆ ಕೇಳಿಸಿಕೊಂಡು, ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕೋದು ನಿಮ್ಮ ಕೈಯಲ್ಲಿರೋ ರಿಸೀವರ್. ಅದನ್ನು ಇನ್ನೊಬ್ಬರಿಗೆ ಹೇಳಬೇಕು ಅಂದ್ರೆ ಮೊಬೈಲ್ ನೆಟ್‌ವರ್ಕ್ ಬೇಕು. ಕೇಳೋ ಕಿವಿ ಮತ್ತು ಹೇಳೋ ಬಾಯಿ, ಎರಡೂ ಅಗ್ಗವಾದ ದಿನ ಟ್ರ್ಯಾಕರ್ ಹುಟ್ಟಿತು. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ಬೆರೆಸಿದ್ದ ದೋಷವನ್ನು ತೆಗೆಸಿದರು. ಅಲ್ಲಿವರೆಗೆ 100 ಮೀಟರ್‌ವರೆಗೂ ತಪ್ಪಾಗಬಹುದಿದ್ದ ಗುರುತು, ಒಮ್ಮೆಲೇ ರಸ್ತೆ ಯಾವುದು ಅಂತ ಹೇಳುವಷ್ಟು ನಿಖರವಾಯಿತು.

2006ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ವಿಲಿಯಂ ಬ್ರ್ಯಾಟನ್ ಒಂದು ಹೊಸ ಸಾಧನ ಪರೀಕ್ಷಿಸೋದಾಗಿ ಘೋಷಿಸಿದರು. ಹೆಸರು ಸ್ಟಾರ್‌ಚೇಸ್. ಪೊಲೀಸ್ ಕಾರಿನ ಮುಂಭಾಗದಲ್ಲಿ ಒಂದು ಸಣ್ಣ ಫಿರಂಗಿ ಅಂದ್ಕೊಳ್ಳಿ. ಲೇಸರ್‌ನಿಂದ ಗುರಿ ಇಟ್ಟು ಬಟನ್ ಒತ್ತಿದರೆ, ಒತ್ತಡದ ಗಾಳಿ ಒಂದು ಉರುಳೆಯನ್ನು ಹಾರಿಸುತ್ತೆ. ಅದು ಮುಂದಿನ ಕಾರಿನ ಹಿಂಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತೆ. ಒಳಗೆ ಜಿಪಿಎಸ್ ಕಿವಿ, ಮೊಬೈಲ್ ಬಾಯಿ. ಅಂಟಿದ ಮೇಲೆ ಪೊಲೀಸರು ಸೈರನ್ ಆರಿಸಿ ಹಿಂದೆ ಸರಿಯಬಹುದು. ಕಂಟ್ರೋಲ್ ರೂಮ್‌ನ ನಕ್ಷೆ ಮೇಲೆ ಚುಕ್ಕೆ ಓಡ್ತಾ ಇರುತ್ತೆ.

ಇದರಿಂದ ಏನು ಲಾಭ ಅನ್ನೋದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಮನುಷ್ಯನ ಮನಸ್ಸಿನಲ್ಲಿದೆ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆಫ್ರಿ ಆಲ್ಪರ್ಟ್ 1990ರ ದಶಕದಲ್ಲೇ ಜೈಲಿಗೆ ಹೋಗಿ, ಪೊಲೀಸರಿಂದ ಓಡಿದ್ದ ನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಪೊಲೀಸರು ಅಟ್ಟೋದು ಬಿಟ್ಟಿದ್ದರೆ ನಾನೂ ವೇಗ ಕಮ್ಮಿ ಮಾಡ್ತಿದ್ದೆ ಅಂದವರು ನೂರಕ್ಕೆ 70ಕ್ಕಿಂತ ಜಾಸ್ತಿ. ಸ್ಟಾರ್‌ಚೇಸ್ ಬಂದಮೇಲೆ ಅದು ರಸ್ತೆ ಮೇಲೂ ಕಂಡಿತು. ಟ್ಯಾಗ್ ಅಂಟಿಸಿ ಪೊಲೀಸರು ಹಿಂದೆ ಸರಿದರೆ, ಸುಮಾರು ಎರಡು ನಿಮಿಷದೊಳಗೆ ಓಡುವವನ ವೇಗ ಮಾಮೂಲಿಗೆ ಹತ್ತಿರ ಬರುತ್ತೆ. ಹಿಂದೆ ಯಾರೂ ಇಲ್ಲ ಅನ್ನಿಸಿದರೆ ಅವನೂ ನಮ್ಮ ನಿಮ್ಮ ಥರಾನೇ ಗಾಡಿ ಓಡಿಸ್ತಾನೆ.

ಸ್ಕಾಲಿಯಾ ಎತ್ತಿದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಹಿಂದೆ ಸರಿಯೋದು ಅಂದ್ರೆ ಬಿಟ್ಟುಬಿಡೋದು ಅಂತಲ್ಲ. ಆದರೆ ಇದು ಮಾಯಾದಂಡವೂ ಅಲ್ಲ. ಗುರಿ ತಪ್ಪುತ್ತೆ, ಕೆಲವು ಸಲ ಅಂಟೋದಿಲ್ಲ, ಗುರಿ ಇಡೋಕಾದ್ರೂ ಮೊದಲು ಹತ್ತಿರ ಹೋಗ್ಲೇಬೇಕು. ಒಂದು ಕಾರಿಗೆ ಅಳವಡಿಸೋಕೆ ಸುಮಾರು 5,000 ಡಾಲರ್ ಅಂತ ಆಗಿನ ವರದಿಗಳು ಹೇಳಿದ್ದವು. ಇನ್ನೊಂದು ದಾರಿಯನ್ನು ಜನರಲ್ ಮೋಟರ್ಸ್‌ನ ಆನ್‌ಸ್ಟಾರ್ ತೋರಿಸಿತು. 2009ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾದಲ್ಲಿ, ಕಿತ್ತುಕೊಂಡು ಓಡಿದ್ದ ಒಂದು ಷೆವರ್ಲೆ ಟಾಹೋ ಗಾಡಿಯ ವೇಗವನ್ನು ದೂರದ ಕಂಟ್ರೋಲ್ ರೂಮ್‌ನಿಂದಲೇ ಇಳಿಸಿದರು. ಕಳ್ಳ ಆಕ್ಸಿಲರೇಟರ್ ಒತ್ತಿದ್ದೇ ಬಂತು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಕಂಪನಿಗಳ ಜಾಹೀರಾತಾಗುತ್ತೆ. ಕಳ್ಳನ ಕಾರನ್ನು ದೂರದಿಂದ ನೋಡಬಲ್ಲ ಕಣ್ಣು ನಿಮ್ಮ ಕಾರನ್ನೂ ನೋಡಬಲ್ಲದು. ವಾಷಿಂಗ್ಟನ್‌ನಲ್ಲಿ ಒಬ್ಬ ಶಂಕಿತನ ಕುಟುಂಬದ ಜೀಪಿಗೆ ಪೊಲೀಸರು ಜಿಪಿಎಸ್ ಅಂಟಿಸಿ 28 ದಿನ ನೋಡ್ತಾ ಕೂತರು. ಕೋರ್ಟ್ ಕೊಟ್ಟಿದ್ದ ವಾರಂಟ್‌ನ ಅವಧಿ 10 ದಿನ, ಇವರು ಅಂಟಿಸಿದ್ದು 11ನೇ ದಿನ, ಅದೂ ವಾಷಿಂಗ್ಟನ್ ದಾಟಿ ಮೇರಿಲ್ಯಾಂಡ್‌ನಲ್ಲಿ! 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಪೊಲೀಸರ ವಿರುದ್ಧ ತೀರ್ಪು ಕೊಟ್ಟರು. ಮುಖ್ಯ ತೀರ್ಪು ಬರೆದವರು ಯಾರು ಗೊತ್ತಾ? ಅದೇ ಸ್ಕಾಲಿಯಾ. ಕಣ್ಣೆದುರು ಓಡುವವನನ್ನು ತಡೆಯೋದು ಬೇರೆ, ಓಡದೇ ಇರುವವನ ಗಾಡಿಗೆ ಕದ್ದು ಯಂತ್ರ ಅಂಟಿಸಿ ತಿಂಗಳುಗಟ್ಟಲೆ ಬದುಕು ಓದೋದು ಬೇರೆ. ಎರಡು ತೀರ್ಪುಗಳನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಅರ್ಥವಾಗಿದ್ದು ಇಷ್ಟು.

ಈ ಗೆರೆ ನಮಗೂ ಬೇಕು. 2019ರಿಂದ ನಮ್ಮ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ನಿಯಮ ಬಂದಿದೆ. ಟೋಲ್‌ನಲ್ಲಿ ಫಾಸ್ಟ್ಯಾಗ್, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅನ್ನೋ ತೀರ್ಪು ಬಂದಿದ್ದು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಪಡೆದವನು ತನ್ನ ಗೂಗಲ್ ಮ್ಯಾಪ್ ಲೊಕೇಶನ್ ಅನ್ನು ತನಿಖಾಧಿಕಾರಿಗೆ ತೋರಿಸ್ತಾ ಇರಬೇಕು ಅನ್ನೋ ಷರತ್ತು ಸರಿಯಲ್ಲ ಅಂತ ಹೇಳಿತು. ಯಂತ್ರಗಳು ಬಂದಾಗಿದೆ. ಯಾರು, ಯಾರನ್ನು, ಎಷ್ಟು ದಿನ, ಯಾರ ಅನುಮತಿ ಪಡೆದು ನೋಡಬೇಕು ಅನ್ನೋದನ್ನ ನಾವು ಕೇಳ್ತಾ ಇರಬೇಕು.

ಕೊನೆಗೆ ನನ್ನದೇ ಒಂದು ತಪ್ಪು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಿಸಿಟಿವಿ ದೃಶ್ಯ ಬಂತು. ಒಂದು ಕಾರು, ಹಿಂದೆ ಜೀಪು. 'ಸಿನಿಮೀಯ ರೀತಿಯಲ್ಲಿ ಬೆನ್ನಟ್ಟಿ ಹಿಡಿದ ಪೊಲೀಸರು' ಅಂತ ನಾನೇ ದನಿ ಏರಿಸಿ ಓದಿದೆ. ಮೂರು ಬುಲೆಟಿನ್ ಓಡಿತು. ರಾತ್ರಿ ಎಡಿಟಿಂಗ್ ರೂಮ್‌ನಲ್ಲಿ ಮತ್ತೆ ನೋಡಿದಾಗ, ಫ್ರೇಮಿನ ಎಡಮೂಲೆಯಲ್ಲಿ ಒಂದು ತಳ್ಳುಗಾಡಿ ಮಗುಚಿ, ಅದರ ಪಕ್ಕ ಒಬ್ಬ ಹಿರಿಯರು ಬಿದ್ದಿದ್ದು ಕಾಣಿಸ್ತು. ಟೊಮೆಟೊ ರಸ್ತೆ ತುಂಬ. ಜಿಲ್ಲಾ ವರದಿಗಾರನಿಗೆ ಫೋನ್ ಮಾಡಿ ಕೇಳಿದೆ. ಕಾಲು ಮುರಿದಿದೆ ಸರ್, ಆಸ್ಪತ್ರೇಲಿದ್ದಾರೆ ಅಂದ. ನಮ್ಮ ಮೂರು ಬುಲೆಟಿನ್‌ನಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆವತ್ತಿನಿಂದ ಚೇಸ್ ಸುದ್ದಿ ಬಂದರೆ ಸಿಕ್ಕಿಬಿದ್ದವನ ಬಗ್ಗೆ ಆಮೇಲೆ ಕೇಳ್ತೀನಿ. ರಸ್ತೆಯಲ್ಲಿ ಯಾರಿಗಾದ್ರೂ ಏಟಾಯ್ತಾ ಅಂತ ಮೊದಲು ಕೇಳ್ತೀನಿ. ಇನ್ಮೇಲೆ ಟಿವಿಯಲ್ಲಿ ಅಂಥ ದೃಶ್ಯ ಬಂದರೆ, ನೀವೂ ಒಂದು ಸಲ ಫ್ರೇಮಿನ ಮೂಲೆ ಕಡೆ ನೋಡಿ.